ಬಳೆಗಾರ್ತಿಯ ಬಲಗೈ

ಮೊನ್ನೆ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಶಿರಸಿಯಲ್ಲಿ ತಂಗಿಯ ಮನೆ. ಇದ್ದವರು ಮೂವರು: ತಂಗಿ, ಮದುವೆ ನಿಶ್ಚಯವಾದ ಅವಳ ಮೊಮ್ಮಗಳು ಮತ್ತು ನಾನು. ಪೇಟೆಯಿಂದ ತಂದ ಹಸಿರು ಗಾಜಿನ ಬಳೆ ಹುಡುಗಿಯ ಕೈಗೆ ಏರುತ್ತಿರಲಿಲ್ಲ. ತಂಗಿ ಸಾಬೂನಿನ ನೊರೆ ಹಚ್ಚಿದಳು. ಆ ವಾಸನೆ, ಒದ್ದೆ ಕೈ, ಗಾಜಿನ ಸಣ್ಣ ಸದ್ದು...

"ಅಕ್ಕಾ, ನೀನೇ ಹಾಕೇ. ನರ್ಸ್ ಆಗಿದ್ದವ್ಳು, ನಿಂಗೆಂತ ಹೆದ್ರಿಕೆ?" ಎಂದಳು ತಂಗಿ.

"ಆನು ಹಾಕ್ತ್ನಿಲ್ಲೆ," ಎಂದು ಎದ್ದುಬಿಟ್ಟೆ.

ಎರಡು ಸಾವಿರದ ಇಸವಿಗೆ ಇನ್ನೂ ಒಂದೆರಡು ವರ್ಷವಿತ್ತು. ಯಲ್ಲಾಪುರದಲ್ಲಿ ನಾನು ನರ್ಸ್ ಆಗಿದ್ದೆ. ನಮ್ಮ ಬೀದಿಯಲ್ಲಿ ಬನವಾಸಿ ಕಡೆಯಿಂದ ಬಂದ ಬಳೆಗಾರ್ತಿಯೊಬ್ಬಳು ಮಗಳೊಡನೆ ಅಂಗಡಿ ನಡೆಸುತ್ತಿದ್ದಳು. ಸುತ್ತಲಿನ ಊರುಗಳಲ್ಲಿ ಮದುಮಗಳಿಗೆ ಬಳೆ ತೊಡಿಸಲು ಅವಳೇ ಬೇಕು. ತೊಡಿಸುವಾಗ ಬಳೆ ಒಡೆದರೆ ಅಪಶಕುನ. ಅವಳ ಕೈಯಲ್ಲಿ ಒಡೆಯುತ್ತಿರಲಿಲ್ಲ.

ಅವಳಿಗೆ ಸ್ತನದ ಕ್ಯಾನ್ಸರ್ ಆಯಿತು. ಹುಬ್ಬಳ್ಳಿಯಲ್ಲಿ ಬಲ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ವರ್ಷದೊಳಗೆ ಬಲಗೈ ಬಾತುಕೊಂಡಿತು. ಮೈಯೊಳಗೆ ತಿಳಿನೀರಿನಂತೆ ಹರಿಯಬೇಕಾದ ದುಗ್ಧರಸ ದಾರಿ ಕಾಣದೆ ತೋಳಿನಲ್ಲೇ ನಿಂತಿತ್ತು. ಬೆರಳು ಮಡಿಚಲಾಗದು. ತೊಡಿಸುವ ಕೈಯೇ ಹೋದ ಮೇಲೆ ಬಳೆಗಾರ್ತಿಗೆ ಉಳಿಯುವುದೇನು?

"ಜೀವ ಉಳಿಸ್ಯಾರ, ಖರೆ. ನನ್ನ ಕೈ ನನಗ ಕೊಡಸ್ರಿ ಅಕ್ಕಾರ," ಎಂದಳು.

ರಜೆ ಹಾಕಿ ಅವಳ ಜೊತೆ ಹುಬ್ಬಳ್ಳಿಗೆ ಹೋದೆ. ಅಲ್ಲಿ ವ್ಯಾಯಾಮ ಚಿಕಿತ್ಸೆ ಕೊಡುವ ಹುಡುಗಿಯೊಬ್ಬಳು ನಿಂತ ರಸವನ್ನು ಕೈಯಿಂದ ಮೆಲ್ಲಗೆ ನೀವಿ ಸರಿಸುವುದನ್ನು ಎರಡು ದಿನ ನನಗೆ ಕಲಿಸಿದಳು. ಮೊದಲು ಕುತ್ತಿಗೆ, ಆಮೇಲೆ ಎದೆ, ಭುಜ, ತೋಳು, ಬೆರಳು ಕಟ್ಟಕಡೆಗೆ. ಮುಂದಿನ ದಾರಿ ತೆರವಾಗದೆ ಹಿಂದಿನ ನೀರು ಸರಿಯದು. ಚರ್ಮ ಮಾತ್ರ ಜರುಗಬೇಕು, ಮಾಂಸ ಒತ್ತಬಾರದು. ಮುಗಿದ ಮೇಲೆ ಬೆರಳಿನಿಂದ ಭುಜದವರೆಗೆ ಬಟ್ಟೆಪಟ್ಟಿ ಸುತ್ತಬೇಕು. ಜ್ವರ ಬಂದ ದಿನ, ಕೈ ಬಿಸಿಯಾದ ದಿನ ಮುಟ್ಟಲೇಬಾರದು, ನೀವಿದರೆ ನಂಜು ಮೈಗೆಲ್ಲ ಹರಡೀತು; ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಿದೆ.

ದಿನಾ ಬೆಳಿಗ್ಗೆ ಆರರಿಂದ ಆರು ನಲವತ್ತು, ನಮ್ಮ ಮನೆಯಲ್ಲಿ. ಏಳಕ್ಕೆ ನನ್ನ ಡ್ಯೂಟಿ. ತಡವಾದರೆ ಬೈಯುತ್ತಿದ್ದೆ. ಬಂದ ದಿನಕ್ಕೆ ಪುಸ್ತಕದಲ್ಲಿ ಗುರುತು.

ಮೊದಲ ದಿನವೇ ಅವಳು ನಕ್ಕಳು. "ಅಕ್ಕಾರ, ರೊಟ್ಟಿ ಹಿಟ್ಟು ನಾದಾಕತ್ತೀರೇನ್ರಿ? ಬಳಿ ಏರಸೋವಾಗ ಹಿಂಗ ಒತ್ತಿದ್ರ ಕೈ ಸಿಟ್ಟಾಗತೈತಿ. ಕೈಗೆ ಗೊತ್ತಾಗಬಾರದು, ಬಳಿ ಒಳಗ ಹೋಗಿರಬೇಕು." ನನ್ನ ಅಂಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು ತೋರಿಸಿದಳು. ಗಾಳಿ ಸವರಿದಂತೆ ಇತ್ತು. ಹುಬ್ಬಳ್ಳಿಯಲ್ಲಿ ಪೂರ್ತಿ ಹತ್ತದ ಪಾಠ ಹೀಗೆ ರೋಗಿಯಿಂದಲೇ ಹತ್ತಿತು.

ಐದು ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಊತ ಇಳಿಯಿತು. ಬೆರಳು ಮಡಿಚಿತು. ಚಂದಗುಳಿ ಕಡೆಯ ಒಂದು ಮದುವೆಮನೆಯವರು ಕರೆಯಲು ಬಂದರು; ಆ ಮದುಮಗಳ ತಾಯಿಗೂ ಬಳೆ ತೊಡಿಸಿದ್ದು ಇವಳೇ. ಗುರುವಾರ ಬಳೆ ಶಾಸ್ತ್ರ. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗಳ ಕೈಗೆ ತೊಡಿಸಿ ತೆಗೆದು ಅಭ್ಯಾಸ ಮಾಡುತ್ತಿದ್ದಳು.

ಮಂಗಳವಾರ ಸರಿಯಾಗಿ ಆರಕ್ಕೆ ಬಂದಳು. ಕರೆಂಟು ಇರಲಿಲ್ಲ, ಬುಡ್ಡಿದೀಪದ ಬೆಳಕು. ತೋಳು ಮುಟ್ಟಿದೆ. ಬಿಸಿ.

"ಎಂತಕ್ಕೆ ಇಷ್ಟು ಬಿಸಿ?"

"ಬಚ್ಚಲ ಒಲಿ ಮುಂದ ಕುಂತಿದ್ನ್ರಿ. ಶುರು ಮಾಡ್ರಿ, ಆರು ಆತು."

ಒಲೆಯ ಬಿಸಿ ಯಾವುದು, ಜ್ವರದ ಬಿಸಿ ಯಾವುದು ಎಂದು ನನ್ನ ಅಂಗೈಗೆ ತಿಳಿಯುತ್ತಿತ್ತು. ಗೋಡೆಯ ಮೇಲಿನ ಕಾಗದ ನನ್ನದೇ ಅಕ್ಷರದಲ್ಲಿತ್ತು. ಆದರೆ ಐದು ತಿಂಗಳ ಸಾಲು ಮುರಿಯಬಾರದು, ಏಳಕ್ಕೆ ಡ್ಯೂಟಿ... ನಲವತ್ತು ನಿಮಿಷ ಪೂರ್ತಿ ಮಾಡಿದೆ. ಪಟ್ಟಿ ಬಿಗಿದೆ. ಗುರುತು ಹಾಕಿದೆ.

ಬುಧವಾರ ಅವಳು ಬರಲಿಲ್ಲ. ನಾನು ಡ್ಯೂಟಿಗೆ ಹೋದೆ. ಸಂಜೆ ಅವಳ ಮನೆಗೆ ಹೋಗಿ ನೋಡಿದರೆ ಕೈ ಭುಜದವರೆಗೂ ಕೆಂಪಾಗಿತ್ತು. ಬೆರಳ ಸಂದಿನಲ್ಲಿ ಗಾಜು ಗೀರಿದ ಸಣ್ಣ ಗಾಯ. ನಂಜು ಅಲ್ಲಿಂದ ಏರಿತ್ತು. ಜೀಪು ಮಾಡಿಕೊಂಡು ಹುಬ್ಬಳ್ಳಿಗೆ ಹೊರಟೆವು. "ಮದಿಮಗಳು ಕಾಯಾಕತ್ತ್ಯಾಳ, ಗಾಡಿ ತಿರುಗಿಸ್ರಿ," ಎನ್ನುತ್ತಲೇ ಇದ್ದಳು. ಕಿರವತ್ತಿ ದಾಟಿದ ಮೇಲೆ ಮಾತು ನಿಂತಿತು. ಮೂರನೆಯ ದಿನ ತೀರಿಕೊಂಡಳು.

ಆಮೇಲೆ ನಾನು ಯಾರ ಕೈಗೂ ಆ ಚಿಕಿತ್ಸೆ ಮಾಡಲಿಲ್ಲ. ಆ ಅಂಗಡಿಯ ಮುಂದೆ ಹಾಯುವುದನ್ನೂ ಬಿಟ್ಟೆ. ಎಲ್ಲಾದರೂ ಎದುರಾದರೆ ಮಗಳು ತಲೆ ತಗ್ಗಿಸಿ ಸರಿದುಹೋಗುತ್ತಿದ್ದಳು. ಇವಳಿಗೆ ಗೊತ್ತಾಗಿದೆ, ನನ್ನನ್ನು ಶಪಿಸುತ್ತಾಳೆ ಎಂದುಕೊಂಡೇ ಇಷ್ಟು ವರ್ಷ ಕಳೆದೆ.

ಮೊನ್ನೆ ಶಿರಸಿಯಿಂದ ಊಟಕ್ಕೂ ನಿಲ್ಲದೆ ಹೊರಟೆ. ಯಲ್ಲಾಪುರದಲ್ಲಿ ಬಸ್ಸಿಳಿದರೂ ಅಂಗಡಿಗೆ ಹೋಗುವ ಧೈರ್ಯ ಬರಲಿಲ್ಲ. ಸಂಜೆ ಆರೂವರೆಗೆ ಹೋದೆ. ಗಿರಾಕಿಗಳಿರಲಿಲ್ಲ, ಮಗಳೊಬ್ಬಳೇ ಕೂತಿದ್ದಳು.

"ಆವತ್ತು ನಿನ್ನ ಅಮ್ಮನ ಕೈ ಸುಡುತ್ತಿತ್ತು. ನನಗೆ ಗೊತ್ತಾಗಿತ್ತು. ಆದರೂ ಮಾಡಿದೆ," ಎಂದೆ.

ಅವಳು ಕೈಯಲ್ಲಿದ್ದ ಬಳೆಯ ಕಟ್ಟನ್ನು ಕೆಳಗಿಟ್ಟಳು.

"ಹಿಂದಿನ ದಿನಾನ ಅವ್ವಗ ಜ್ವರ ಬಂದಿತ್ರಿ. ಗೊತ್ತಾದ್ರ ಅಕ್ಕಾರು ಕೈ ಮುಟ್ಟಂಗಿಲ್ಲ, ಮದುವಿ ತಪ್ಪತೈತಿ ಅಂತ ಅತ್ಲು. ಜ್ವರದ ಗುಳಿಗಿ ನುಂಗಿಸಿ ನಿಮ್ಮ ಮನಿಗೆ ಕಳಿಸಿದಾಕಿ ನಾನ್ರಿ... ನಿಮ್ಮ ಮಾರಿ ನೋಡಾಕ ನನಗ ಹೆಂಗ ಆಗತೈತ್ರಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಂಗಡಿ ಮುಚ್ಚಲು ಎದ್ದಳು. ಬಾಗಿಲಿನ ಹಲಗೆಗಳನ್ನು ನಾನು ಒಂದೊಂದಾಗಿ ಎತ್ತಿಕೊಟ್ಟೆ, ಅವಳು ಸಿಕ್ಕಿಸಿದಳು. ಕೊನೆಯ ಹಲಗೆ ಕೂತಾಗ ಏಳು ಗಂಟೆ.