ಹೊಸಿಲ ಮೇಲಿನ ಜಾಯಿಂಟು

ಹೂಡಿಯ ಒಂದು ಹಳೇ ಮನೆಯಿಂದ ನಮ್ಮ ಕೇಬಲ್ ಆಫೀಸಿಗೆ ಸತತ ಮೂರನೇ ಶುಕ್ರವಾರವೂ ಕಂಪ್ಲೇಂಟ್ ಬಂತು: ಟಿವಿ ಬಾಕ್ಸ್‌ಗೆ ಇಂಟರ್ನೆಟ್ ಬರ್ತಿಲ್ಲ. ಹಿಂದಿನ ಎರಡು ಸಲ ಸಂಜೆ ನಾನು ಹೋಗುವಷ್ಟರಲ್ಲಿ ತಾನೇ ಸರಿಹೋಗಿತ್ತು. ಈ ಸಲ ಬೆಳಗ್ಗೇನೇ ಹೋದೆ. ಲಕ್ವ ಹೊಡೆದ ಯಜಮಾನರು ಮಂಚದ ಮೇಲೆ ರಿಮೋಟ್ ಹಿಡಿದು ಕಪ್ಪು ಪರದೆಯನ್ನೇ ನೋಡ್ತಿದ್ದರು.

ಬಾಕ್ಸ್ ಚೆನ್ನಾಗಿತ್ತು. ವೈರ್ ಹಿಡಿದುಕೊಂಡೇ ಬಾಗಿಲವರೆಗೂ ಬಂದೆ. ಹಿಂದೆ ವೈರ್ ಸಾಲದೆ ಹೊಸಿಲ ಮೇಲೆ ನಾನೇ ಒಂದು ಜಾಯಿಂಟು ಹಾಕಿದ್ದೆ. ಬಿಚ್ಚಿದರೆ ಒಳಗೆಲ್ಲ ಒದ್ದೆ ಅರಿಸಿನ!

"ಏನಮ್ಮಾ ಇದು?" ಅಂತ ಅವರ ಹೆಂಡತಿಯ ಮೇಲೆ ರೇಗಿದೆ.

"ವಾರವಾರ ಒಸ್ಲಿಗೆ ಅರಿಸ್ನ ಬಳ್ಯೋವಾಗ ಅದುಕ್ಕೂ ಬಳೀತೀನಿ ಕಣಪ್ಪ. ಇವ್ರು ಎದ್ದು ಆಚೆ ಓಗಂಗಿಲ್ಲ. ಪರ್ಪಂಚವೆಲ್ಲ ಇವ್ರತ್ರ ಬರೋದು ಅದ್ರಾಗೇ ಅಲ್ವಾ?"

ಗೋಡೆ ಕೊರೆದು, ಜಾಯಿಂಟಿಲ್ಲದ ಹೊಸ ವೈರ್ ಎಳೆದೆ. ಪರದೆ ಬೆಳಗಿತು, ಯಜಮಾನರ ಮುಖವೂ. ಆಕೆ ಮಾತ್ರ ಅರಿಸಿನದ ಬಟ್ಟಲು ಹಿಡಿದು ನಿಂತೇ ಇದ್ದರು.

"ಈಗ ಎಲ್ಲಿಗಪ್ಪ ಇಕ್ಲಿ?"

ವೈರಿಗೆ ತಾಗದ ಹಾಗೆ ತೂತಿನ ಪಕ್ಕ ಪೆನ್ಸಿಲ್‌ನಲ್ಲಿ ಗುಂಡಗೆ ಒಂದು ಗುರುತು ಹಾಕಿಕೊಟ್ಟೆ. ಆಮೇಲೆ ಯಾವ ಶುಕ್ರವಾರವೂ ಆ ಮನೆಯಿಂದ ಕಂಪ್ಲೇಂಟ್ ಬರಲಿಲ್ಲ. ನಿಜ ಹೇಳಬೇಕಂದ್ರೆ, ಸ್ವಲ್ಪ ಬೇಜಾರೇ ಆಯ್ತು.