ಕಾಕಾನ ಕೈಯೊಳಗಿನ ನಾಯಿಗಳು

ಕಾಕಾನ ಬಲಗಿವಿಯ ಮೇಲ್ತುದಿಯನ್ನು ನೋಡಿದರೆ ಸಾಕು, ಅಂದು ಏನು ಮಾಡುತ್ತಿದ್ದಾರೆಂದು ಹೇಳಬಹುದಿತ್ತು. ಹಳದಿಯಿದ್ದರೆ ಮಾವು, ನೇರಳೆಯಿದ್ದರೆ ಬದನೆಕಾಯಿ, ಕಡುಗೆಂಪಿದ್ದರೆ ದಾಳಿಂಬೆ. ಕುಂಚವನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವ ಚಾಳಿ. ಒರೆಸಿಕೊಳ್ಳಿ ಎಂದು ಹೆಂಡತಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಇವರು ಒರೆಸಿಕೊಳ್ಳುತ್ತಿದ್ದುದು ಎಡಗಿವಿಯನ್ನು.

ಗೋಕಾಕದಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದ ಮನೆ ಅವರದು. ಹಗುರವಾದ ಮರವನ್ನು ಕೆತ್ತಿ, ಬಣ್ಣ ಹಚ್ಚಿ, ಆಟಿಕೆಯ ಹಣ್ಣು ಕಾಯಿ ಮಾಡುವುದು ಮನೆತನದ ಕಸುಬು. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕಿ. ನಾನು ದಿನಾ ಬಸ್ಸಿನಲ್ಲಿ ಮೂಡಲಗಿಗೆ ಹೋಗಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. ಕಲಿಸುವ ಹೆಂಗಸರನ್ನು ಈ ಕಡೆ ಅಕ್ಕೋರು ಎನ್ನುವುದರಿಂದ ಕಾಕಾನಿಗೆ ನಾನು ಅಕ್ಕೋರು.

ಹೊಸ ಹಣ್ಣೊಂದನ್ನು ಕೆತ್ತುವ ಮುಂಚೆ ಅವರು ನಿಜವಾದ ಹಣ್ಣನ್ನು ತಂದು ಕೊಯ್ದು ನೋಡಲೇಬೇಕು. ಸೀತಾಫಲದ ಬೀಜಗಳನ್ನು ಒಂದೊಂದಾಗಿ ತೆಗೆದು ಸಾಲಾಗಿಟ್ಟು ನೋಡುತ್ತಿದ್ದರು, ಆಮೇಲೆ ಹಣ್ಣನ್ನು ತಿಂದು ಮುಗಿಸುತ್ತಿದ್ದರು. "ಮ್ಯಾಲಿನ ಸಿಪ್ಪಿ ಅಷ್ಟ ಮಾಡೋರಿಗೆ ಒಳಗಿಂದ ಯಾಕ ಬೇಕ್ರಿ ಕಾಕಾ?" ಎಂದು ಕೇಳಿದ್ದೆ. "ಒಳಗ ಏನೈತಿ ಗೊತ್ತಿಲ್ಲದ ಹೊರಗ ಬಣ್ಣ ಹಚ್ಚಬಾರದ್ರಿ ಅಕ್ಕೋರ," ಎಂದಿದ್ದರು. ಅವರ ಬಣ್ಣ ಎಷ್ಟು ಖರೆ ಇರುತ್ತಿತ್ತೆಂದರೆ, ಒಮ್ಮೆ ಕಾಕಿ ಸಂತೆಯ ಚೀಲದ ಬಳಿ ಬಿದ್ದಿದ್ದ ಮರದ ಸೌತೆಕಾಯಿಯನ್ನು ಎತ್ತಿಕೊಂಡು ಈಳಿಗೆಗೆ ಒತ್ತಿದರು. ಅದು ಸಿಕ್ಕಿಕೊಂಡು ಹಿಂದೂ ಬರಲಿಲ್ಲ, ಮುಂದೂ ಹೋಗಲಿಲ್ಲ. ಆ ಸುದ್ದಿಯನ್ನು ಕಾಕಾ ಒಂದು ವರ್ಷ ಓಣಿಗೆಲ್ಲ ಹಂಚಿದರು.

ಅಂಥವರ ಬಲಗೈ ಒಂದು ಚಳಿಗಾಲದಲ್ಲಿ ಸುಮ್ಮನಾಯಿತು.

ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿ ಹೋಳಿಗೆ ಊಟ ಮಾಡಿ ಮಧ್ಯಾಹ್ನದ ಬಸ್ಸು ಹತ್ತಿದ್ದರು. ಬಲತೋಳನ್ನು ಸೀಟಿನ ಹಿಂದಿನ ಕಬ್ಬಿಣದ ಸರಳಿನ ಮೇಲೆ ಚಾಚಿ ಮಲಗಿದವರಿಗೆ ಎಚ್ಚರವಾದದ್ದು ಗೋಕಾಕ ನಿಲ್ದಾಣದಲ್ಲಿ, ಕಂಡಕ್ಟರು ಅಲುಗಿಸಿದಾಗ. ಎದ್ದು ನೋಡಿದರೆ ಬಲ ಮುಂಗೈ ಜೋತುಬಿದ್ದಿದೆ. ಮೊಣಕೈ ಮಡಚುತ್ತದೆ, ಆದರೆ ಮಣಿಕಟ್ಟು ಮೇಲೇಳದು, ಬೆರಳುಗಳು ಬಿಚ್ಚವು. ಮನೆ ಮುಟ್ಟುವಷ್ಟರಲ್ಲಿ ಓಣಿಯೆಲ್ಲ "ಕಾಕಾಗ ಲಕ್ವಾ ಹೊಡೀತಂತ" ಎಂದು ಸೇರಿತ್ತು. ಕಾಕಿಯ ಅಳು ನಿಲ್ಲಲಿಲ್ಲ.

ದವಾಖಾನೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಮಾತಾಡಿಸಿದರು, ನಗಲು ಹೇಳಿ ಬಾಯಿ ಸೊಟ್ಟಗಿಲ್ಲವೆಂದು ನೋಡಿದರು, ತೋಳನ್ನು ಅಲ್ಲಲ್ಲಿ ಮುಟ್ಟಿ ಕೇಳಿದರು. ಇದು ಲಕ್ವಾ ಅಲ್ಲ, ತೋಳಿನಲ್ಲಿ ನರ ಒತ್ತಿಕೊಂಡಿದೆ, ಬಹುಮಟ್ಟಿಗೆ ತಾನಾಗಿಯೇ ವಾಪಸು ಬರುತ್ತದೆ, ಆದರೆ ಕೆಲವು ವಾರ ಕಾಯಬೇಕು ಎಂದರು. ಮುಂಗೈ ಜೋತುಬೀಳದಂತೆ ಪಟ್ಟಿ ಕಟ್ಟಿಸಿ, ವ್ಯಾಯಾಮ ಹೇಳಿಕೊಟ್ಟರು.

ಕಾಕಾ ನಂಬಲಿಲ್ಲ. ಮೂರು ದಿನ ಕಟ್ಟೆಯ ಮೇಲೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹತ್ತನೇ ವಯಸ್ಸಿಗೆ ಕುಂಚ ಹಿಡಿದ ಕೈ. ನಾಲ್ಕನೇ ದಿನ ನಾನು ಕಾಲೇಜಿನಿಂದ ಬಂದಾಗ ಕರೆದರು.

"ಅಕ್ಕೋರ, ಡಾಕ್ಟರ್ ಹೇಳಿದ್ದು ನನಗ ತಿಳೀಲಿಲ್ರಿ. ಒಳಗ ಏನಾಗೇತಿ, ನೀವು ಹೇಳ್ರಿ."

ನಾನು ಚೀಲದಿಂದ ಹಾಳೆ ತೆಗೆದು ನರಕೋಶದ ಚಿತ್ರ ಬರೆದೆ. ನಾಲ್ಕು ವರ್ಷದಿಂದ ಅದೇ ಚಿತ್ರ, ಅವೇ ನೋಟ್ಸು. "ಇದು ಒಡಲು. ಇವು ಸುದ್ದಿ ತಗೊಳ್ಳೋ ಕವಲು. ಇದು ಸುದ್ದಿ ಒಯ್ಯೋ ಬಾಲ. ನಿಮ್ಮ ಮಣಿಕಟ್ಟು ಎತ್ತೋ ಕೋಶದ ಒಡಲು ಇಲ್ಲಿ ಕುತ್ತಿಗಿ ಹತ್ರ ಬೆನ್ನುಹುರ್ಯಾಗ ಐತಿ. ಬಾಲ ತೋಳಿನಾಗ ಹಾದು ಮೊಣಕೈ ಕೆಳಗಿನ ತನಕ ಬರ್ತೈತಿ."

"ಒಂದ ಕೋಶ?"

"ಒಂದ ಕೋಶ. ಕಣ್ಣಿಗೆ ಕಾಣೂದಿಲ್ರಿ, ಉದ್ದ ಮಾತ್ರ ಎರಡ ಫೂಟ."

"ಕಣ್ಣಿಗೆ ಕಾಣೂದಿಲ್ಲ ಅಂತೀರಿ, ಮತ್ತ ಎರಡ ಫೂಟ ಉದ್ದ ಅಂತೀರಿ!"

"ಕೂದಲಕ್ಕಿಂತ ತೆಳ್ಳಗ ಇರ್ತೈತ್ರಿ."

ಅವರು ಎಡಗೈ ಬೆರಳನ್ನು ಕುತ್ತಿಗೆಯಿಂದ ತೋಳಿನುದ್ದಕ್ಕೂ ನಿಧಾನವಾಗಿ ಎಳೆದುಕೊಂಡು ಬಂದರು. ನಾನು ಮುಂದುವರಿಸಿದೆ. ಆ ಬಾಲಕ್ಕೆ ಉದ್ದಕ್ಕೂ ಸುತ್ತಿದ ಹೊದಿಕೆ ಇರುತ್ತದೆ, ಬಸ್ಸಿನ ಸರಳು ಒತ್ತಿದ ಕಡೆ ಅದು ಹಾಳಾಗಿದೆ, ಸುದ್ದಿ ಅಲ್ಲಿಗೇ ನಿಂತಿದೆ, ಹೊದಿಕೆಯನ್ನು ಮತ್ತೆ ಸುತ್ತಲು ಬೇರೆ ಕೋಶಗಳಿವೆ, ಅವುಗಳ ಹೆಸರು ಶ್ವಾನ್ ಕೋಶ.

"ಶ್ವಾನ?" ಕಾಕಾ ತಲೆಯೆತ್ತಿದರು. "ನಾಯಿ?"

"ಅಲ್ರಿ ಕಾಕಾ, ಅದು ಕಂಡುಹಿಡಿದವರ ಹೆಸರು."

"ಹೆಸರು ಯಾರದರ ಇರ್ಲಿ ಬಿಡ್ರಿ. ಬಾಜೂಕ ಇದ್ದು ಕಾಯತಾವಿಲ್ಲೋ? ಹಂಗಾರ ನಾಯೀನ." ನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕರು. ಒಳಗಿದ್ದ ಕಾಕಿ ಆ ನಗು ಕೇಳಿ ಹೊರಗೆ ಓಡಿ ಬಂದರು.

ಆಮೇಲೆ ಕೇಳಿದ ಪ್ರಶ್ನೆಗೆ ನಾನು ಸಿಕ್ಕಿಬಿದ್ದೆ. "ಅಷ್ಟ ಉದ್ದ ಮೈ ಐತಿ. ಏನ ಉಣ್ತೈತ್ರಿ? ಯಾರ ಉಣಸ್ತಾರ? ಸತ್ತಿದ್ದು ಕೆಟ್ಟಿದ್ದು ಯಾರ ಬಳೀತಾರ?"

ನನ್ನ ನೋಟ್ಸಿನಲ್ಲಿ ಅದಕ್ಕೆ ಒಂದೇ ಸಾಲು ಇತ್ತು: ಉಳಿದವು ಆಧಾರ ಕೋಶಗಳು. "ಆಧಾರ ಅಂದ್ರ ಏನ ಮಾಡ್ತಾವ್ರಿ?" ಎಂದು ನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು. "ನಾಳೆ ಹೇಳ್ತೇನ್ರಿ," ಎಂದು ಎದ್ದುಬಂದೆ.

ಮರುದಿನ ಕಾಲೇಜಿನ ಲೈಬ್ರರಿಯಲ್ಲಿ ದಪ್ಪ ಪುಸ್ತಕ ತೆಗೆದು ಊಟದ ಹೊತ್ತು ಮರೆತು ಓದಿದೆ. ಸಂಜೆ ಹೋಗಿ ಹೇಳಿದೆ. ಮಿದುಳಿನಲ್ಲಿ ನಕ್ಷತ್ರದಂಥ ಕೋಶಗಳಿವೆ, ರಕ್ತನಾಳಕ್ಕೆ ಒಂದು ಕೈ, ನರಕೋಶಕ್ಕೆ ಒಂದು ಕೈ ಚಾಚಿ ಊಟ ದಾಟಿಸುತ್ತವೆ. ಪುಟ್ಟ ಕೋಶಗಳಿವೆ, ಅಡ್ಡಾಡಿ ಕಸ ತಿಂದು ಸ್ವಚ್ಛ ಮಾಡುತ್ತವೆ. ಕೈಕಾಲಿನ ನರಗಳಲ್ಲಿ ಸುತ್ತುವುದು, ಕಾಯುವುದು, ಉಣಿಸುವುದೆಲ್ಲ ಹೆಚ್ಚಾಗಿ ನಿಮ್ಮ ನಾಯಿಗಳದೇ.

ಕಾಕಾ ಕಣ್ಣರಳಿಸಿ ಕೇಳಿದರು. "ಅಂದ್ರ ಸುದ್ದಿ ಒಯ್ಯಾಂವ ಒಬ್ಬ, ಅವನ ಹಿಂದ ದುಡಿಯೋರು ಇಷ್ಟ ಮಂದಿ. ಇದು ಸಂಸಾರ ಆತಲ್ರಿ!" ಎಂದು ಒಳಗೆ ತಿರುಗಿ, "ಏ ಕೇಳಿದಿ? ನೀ ನಕ್ಷತ್ರ ಅಂತ!" ಎಂದು ಕೂಗಿದರು. "ಮದಲ ಔಷಧ ತಗೋರಿ," ಎಂದು ನಕ್ಷತ್ರ ಒಳಗಿಂದಲೇ ಉತ್ತರಿಸಿತು.

ಅಂದಿನಿಂದ ಅವರ ದಿನಚರಿ ಬದಲಾಯಿತು. ಬೆಳಿಗ್ಗೆ ಪಟ್ಟಿ ಬಿಚ್ಚಿ ವ್ಯಾಯಾಮ ಮಾಡುವಾಗ ತೋಳಿಗೆ ಮಾತಾಡುತ್ತಿದ್ದರು. "ಏಳ್ರೋ ನಾಯಿಗೋಳ್ರಾ, ಹೊತ್ತೇರೇತಿ, ಸುತ್ರಿ ಸುತ್ರಿ." ಆಮೇಲೆ ಎಡಗೈಯಲ್ಲಿ ಉಳಿ ಹಿಡಿದು, ಮರವನ್ನು ಕಾಕಿಯ ಕೈಗೆ ಕೊಟ್ಟು ಏನೋ ಕೆತ್ತಲು ಶುರುಮಾಡಿದರು. ನಾನು ಬಂದರೆ ಗೋಣಿಚೀಲದಿಂದ ಮುಚ್ಚುತ್ತಿದ್ದರು.

ಒಂದು ವಾರ ಕಳೆಯಿತು, ಎರಡು ಕಳೆಯಿತು. ಕೈ ಎದ್ದಿರಲಿಲ್ಲ. ಐದನೆಯ ವಾರ ನನಗೇ ಒಳಗೊಳಗೆ ಅಂಜಿಕೆ. ನಾನು ಹೇಳಿದ್ದೆಲ್ಲ ಪುಸ್ತಕದ್ದು, ಇದು ಅವರ ಕೈ.

ಒಂದು ಸಂಜೆ ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದೆವು. ಕಾಕಾನ ಪಟ್ಟಿ ಬಿಚ್ಚಿತ್ತು. ಪೇರಲ ಮಾರುವ ಮುದುಕಿ ಬುಟ್ಟಿ ಇಳಿಸಿ, "ತಗೋ ಯಪ್ಪಾ, ಸಕ್ಕರಿ ಅದಾವು," ಎಂದಳು. ಕಾಕಾ ಮಾತಿನ ನಡುವೆ ಅವಳತ್ತ ನೋಡದೆ, "ಬ್ಯಾಡವಾ," ಎಂದು ಬಲಗೈ ಎತ್ತಿ ತಡೆದರು.

ಕಾಕಿಯ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗೆ ಬಿತ್ತು. "ಎತ್ತಿದ್ರಿ! ಕೈ ಎತ್ತಿದ್ರಿ!"

"ಎಲ್ಲಿ?" ಎಂದು ಕಾಕಾ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಮಣಿಕಟ್ಟು ಎರಡು ಬೆರಳಿನಷ್ಟು ಮಾತ್ರ ಎದ್ದಿತ್ತು. ಆದರೆ ಎದ್ದಿತ್ತು. ಇಳಿಸಿ ಮತ್ತೆ ಎತ್ತಿದರು. ಮತ್ತೆ ಎತ್ತಿದರು. ಅರವತ್ತು ದಾಟಿದ ಆ ಮನುಷ್ಯ ಓಣಿಯ ನಡುವೆ ನಿಂತು, ಎಲ್ಲರಿಗೂ "ಬ್ಯಾಡ, ಬ್ಯಾಡ" ಎಂದು ಕೈ ಎತ್ತಿ ತೋರಿಸುತ್ತ ಅತ್ತರು, ನಕ್ಕರು. ಏನೂ ತಿಳಿಯದ ಮುದುಕಿ, "ಬ್ಯಾಡಂದ್ರ ಬ್ಯಾಡ, ಅಷ್ಟ್ಯಾಕ ಕುಣಿತಿ?" ಎಂದು ಬುಟ್ಟಿ ಎತ್ತಲು ಹೋದಳು. ಕಾಕಿ ಇಡೀ ಬುಟ್ಟಿ ಕೊಂಡರು. ಅಂದು ಓಣಿಯ ಎಲ್ಲ ಮನೆಯಲ್ಲೂ ಪೇರಲ.

ಎರಡು ತಿಂಗಳು ತುಂಬುವಷ್ಟರಲ್ಲಿ ಕುಂಚ ಮತ್ತೆ ಬಲಗೈಗೆ ಬಂತು. ಮುಚ್ಚಿಟ್ಟದ್ದನ್ನು ಆಗ ತೋರಿಸಿದರು. ನನ್ನಷ್ಟೇ ಎತ್ತರದ ಮರದ ನರಕೋಶ. ಒಡಲು ಮಾವಿನ ಹಳದಿ, ಕವಲುಗಳು ಹಸಿರು. ಬಾಲದುದ್ದಕ್ಕೂ ಸುತ್ತಿಕೊಂಡು ಮಲಗಿದ ಹನ್ನೊಂದು ಬಿಳಿ ನಾಯಿಗಳು, ಒಂದೊಂದರ ಮುಖವೂ ಬೇರೆ. ಒಂದು ನಾಯಿ ಮಾತ್ರ ಕಣ್ಣು ತೆರೆದು ಎದ್ದು ಕೂತಿತ್ತು. "ಬಸ್ಸಿನ ಸರಳು ಬಡದಿದ್ದು ಇಲ್ಲೇರಿ. ನಿಮ್ಮ ಹುಡುಗರಿಗೆ ತೋರಸ್ರಿ," ಎಂದರು.

"ಕಾಕಾ, ಕಾಲೇಜಿನ್ಯಾಗ ನಾಯಿ ಇಟ್ರ ನಗ್ತಾರ್ರಿ."

"ನಗ್ಲೇಳ್ರಿ. ನಕ್ಕಿದ್ದು ಮರಿಯೂದಿಲ್ಲ."

ಅದರೊಂದಿಗೆ ಅವರೂ ಮೂಡಲಗಿಗೆ ಬಂದರು. ಮಕ್ಕಳು ನಕ್ಕರು, ಆಮೇಲೆ ಬೆಂಚು ಬಿಟ್ಟು ಸುತ್ತ ಮುತ್ತಿಕೊಂಡರು. ಕಾಕಾ ತಮ್ಮ ಕೈ ಎತ್ತಿ ಇಳಿಸಿ ಕಥೆ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹೊದಿಕಿ ಹಾಳಾದ್ರ ಸುತ್ತಾವು. ಬಾಲಾನ ಹರದ್ರ?" ಎಂದು ಕೇಳಿದಳು. ಇಡೀ ವರ್ಷ ಬಾಯಿ ಬಿಡದಿದ್ದ ಹುಡುಗಿ ಅವಳು. ಕಾಕಾ ನನ್ನತ್ತ ನೋಡಿದರು. ನನಗೆ ಪೂರ್ತಿ ಗೊತ್ತಿರಲಿಲ್ಲ. "ನಿಮ್ಮ ಅಕ್ಕೋರು ಓದ್ಕೊಂಡ ಬಂದ ಹೇಳ್ತಾರವಾ," ಎಂದು ಅವರೇ ನಿರಾಳವಾಗಿ ಹೇಳಿಬಿಟ್ಟರು. ನಾಚಿಕೆಯಾಗಲಿಲ್ಲ. ಆ ರಾತ್ರಿ ಓದಿದೆ. ಕೈಕಾಲಿನಲ್ಲಾದರೆ ಹರಿದ ಬಾಲ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು, ದಾರಿ ತೋರಿಸುವವು ಅವೇ ಕೋಶಗಳು. ಮರುದಿನ ಹೇಳಿದಾಗ ತರಗತಿಯಲ್ಲಿ ಇನ್ನೂ ನಾಲ್ಕು ಕೈಗಳೆದ್ದವು. ನೋಟ್ಸು ಬರೆಸುವುದನ್ನು ನಾನು ಆ ವರ್ಷವೇ ಬಿಟ್ಟೆ.

ಕಾಕಾ ಆಮೇಲೆ ಆರು ವರ್ಷ ಬಾಳಿದರು. ಹೋದದ್ದು ಒಂದು ಮುಂಜಾನೆ, ಚಹಾ ಕುಡಿದು ಗೋಡೆಗೆ ಒರಗಿದವರು ಹಾಗೆಯೇ. ಮಣ್ಣು ಮುಗಿಸಿ ಬಂದ ಮೇಲೆ ನಾನು ಹಿತ್ತಲಲ್ಲಿ ಕೂತು ಬಿಕ್ಕುತ್ತಿದ್ದೆ. ಹುಕ್ಕೇರಿಯ ಮಗಳು ಬಂದು ಪಕ್ಕದಲ್ಲಿ ಕೂತಳು.

"ಅಕ್ಕೋರ, ನಮಗಿಂತ ನೀವ ಹೆಚ್ಚ ಅಳಾಕತ್ತೀರಿ. ಅಪ್ಪ ನಿಮಗ ಏನಾಗಬೇಕಿತ್ತು?"

"ನಮ್ಮ ಮಾಸ್ತರರವಾ," ಎಂದೆ.

ಅವಳು ಅಳುವನ್ನು ಮರೆತು ನನ್ನ ಮುಖ ನೋಡಿದಳು. "ಅಪ್ಪ ನಾಕನೇ ಕ್ಲಾಸಿನ್ಯಾಗ ಎರಡ ಸಲ ಫೇಲಾಗಿ ಸಾಲಿ ಬಿಟ್ಟಾಂವ್ರಿ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸಾವಿನ ಮನೆ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆವು. ಅಷ್ಟರಲ್ಲಿ ಒಳಗಿಂದ ಕಾಕಿಯ ದನಿ ಕೇಳಿತು: "ನಗ್ರಿ ನಗ್ರಿ. ಅವರಿಗೂ ಕೇಳ್ಲಿ."