ಮೇಷ್ಟ್ರು ಹಾಕಿದ್ದ ಕಂಸ

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಸದಾ ಮಣ್ಣು ಕೂತಿರುತ್ತಿತ್ತು. ತೋಟದ ಕೆಲಸದ ಮಣ್ಣಲ್ಲ. ಬೆಳಗೋಡಿನ ಗದ್ದೆಯಿಂದ ಜೇಡಿಮಣ್ಣು ತರಿಸಿ, ಅಂಗೈಯಗಲದ ಹಲಗೆ ತಟ್ಟಿ, ಸೀಳಿದ ಬಿದಿರುಕಡ್ಡಿಯಿಂದ ಮೊಳೆಯಾಕಾರದ ಅಕ್ಷರ ಒತ್ತುತ್ತಿದ್ದರು. ಈಗಿನ ಟರ್ಕಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೀಗೆಯೇ ಬರೆಯುತ್ತಿದ್ದ ಹಿಟ್ಟೈಟ್ ಎಂಬ ಭಾಷೆ ಅವರ ಹುಚ್ಚು. ಜರ್ಮನಿಯಲ್ಲಿ ಅದನ್ನು ಕಲಿತು ಬಂದು, ಕಾಲೇಜಿನಲ್ಲಿ ನಮಗೆ ಹೊಯ್ಸಳರ ಪಾಠ ಮಾಡುತ್ತಿದ್ದರು. ಕಾಫಿ ಒಣಗಿಸುವ ಕಣದಲ್ಲೇ ಅವರ ಹಲಗೆಗಳೂ ಒಣಗುತ್ತಿದ್ದವು. "ಮೇಷ್ಟ್ರು ಬಿಸ್ಕತ್ತು ಮಾಡ್ತಾವ್ರೆ" ಎಂದು ಕೆಲಸದ ಹೆಂಗಸರು ನಗುತ್ತಿದ್ದರು.

ಹದಿನೆಂಟು ವರ್ಷ ಅವರನ್ನು ಕಾಡಿದ್ದು ಒಂದೇ ಪದ. ಪೂಜೆಯ ವಿಧಿ ಬರೆದ ಹಳೆಯ ಹಲಗೆಯೊಂದರಲ್ಲಿ, ಹಣ್ಣು ಕೀಳುವ ಹೆಂಗಸು ಸೊಂಟಕ್ಕೆ ಏನನ್ನೋ ಕಟ್ಟಿಕೊಳ್ಳುತ್ತಾಳೆ. ಏನನ್ನು ಎಂಬಲ್ಲಿಯೇ ಹಲಗೆ ಮುಕ್ಕಾಗಿದೆ. ಎರಡು ಅಕ್ಷರ ಉಳಿದಿವೆ, ಕೊನೆಯದು ಹೋಗಿದೆ. ಆ ಪದ ಬೇರೆಲ್ಲೂ ಸಿಗುವುದಿಲ್ಲ. ಪಂಡಿತರು ಒಡವೆ ಎಂದರು, ತಾಯಿತ ಎಂದರು. ಮೇಷ್ಟ್ರು ಒಂದು ಬೆಳಿಗ್ಗೆ ಹಾನುಬಾಳಿನ ತಮ್ಮ ತೋಟದಲ್ಲಿ ಕಾಫಿ ಕುಯ್ಯುವವರನ್ನು ನೋಡುತ್ತ ನಿಂತವರು ನನ್ನ ಕಡೆ ತಿರುಗಿದರು. "ಎರಡ್ ಕೈಲೂ ಕುಯ್ಯೋಳು ಸೊಂಟಕ್ಕೆ ತಾಯಿತ ಯಾಕ್ ಕಟ್ತಾಳೋ ಮಾರಾಯ? ಚೀಲ ಕಣೋ ಅದು."

ಆ ಅರ್ಥಕ್ಕೆ ಹೊಂದುವ ಕೊನೆಯ ಅಕ್ಷರವನ್ನು ಊಹಿಸಿ ಲೇಖನ ಬರೆದರು. ಊಹಿಸಿದ್ದನ್ನು ಚೌಕ ಕಂಸದೊಳಗೆ ಹಾಕುವುದು ಆ ವಿದ್ಯೆಯ ನಿಯಮ. "ಮಣ್ಣಿನ ಮೇಲಿರೋದು ಅವರ್ದು, ಕಂಸದೊಳಗಿರೋದು ನಮ್ದು. ಎರಡನ್ನೂ ಕಲಸ್‌ಬಾರ್ದು" ಎನ್ನುತ್ತಿದ್ದರು.

ಅಷ್ಟರಲ್ಲಿ ಅವರ ಕಣ್ಣು ಮಂಜಾಗಿತ್ತು. ಟೈಪ್ ಮಾಡಿದವನು ನಾನು, ಮಹಾ ಬುದ್ಧಿವಂತ. ಪದದ ಕೊನೆಗೆ ಆ ಕಂಸ ಅಸಹ್ಯವಾಗಿ ಕಂಡಿತು. ತೆಗೆದೆ. ಅವರು ನನ್ನನ್ನು ನಂಬಿ ಹಾಗೆಯೇ ಕಳಿಸಿದರು.

ಅಚ್ಚಾದ ಮೇಲೆ ವಿದೇಶದ ಪಂಡಿತನೊಬ್ಬ ಉತ್ತರ ಬರೆದ. ಹಲಗೆಯ ಮೇಲೆ ಇಲ್ಲದ ಅಕ್ಷರವನ್ನು ಇದೆಯೆಂದು ತೋರಿಸುವವರ ಯಾವ ಓದನ್ನೂ ನಂಬುವಂತಿಲ್ಲ ಎಂದು. ಚೀಲದ ಮಾತನ್ನು ಯಾರೂ ಎತ್ತಲಿಲ್ಲ. ಒಂದು ದಿನವೂ ಹಣ್ಣು ಕುಯ್ದು ಗೊತ್ತಿಲ್ಲದ ಜನ. ಮೇಷ್ಟ್ರು ಅದನ್ನು ನನ್ನಿಂದಲೇ ಓದಿಸಿಕೊಂಡರು. ಉಗುರಿನ ಮಣ್ಣು ಕೆರೆಯುತ್ತ, "ನೀನ್ ತೆಗ್ದ್ಯಾ?" ಎಂದರು.

"ಹೂಂ ಸಾರ್. ನನ್ನ ತಪ್ಪು ಅಂತ ಬರೆದು ಕಳಿಸೋಣ."

"ನಿನ್ ಹೆಸ್ರು ಹಾಕ್ಬೇಕಾಗ್ತದೆ. ಕಾಲೇಜಿನ ಕೆಲಸಕ್ಕೆ ಅರ್ಜಿ ಬೇರೆ ಹಾಕಿದ್ದೀಯ. ಬ್ಯಾಡ ಬುಡು."

ಬಿಟ್ಟೆ. ಇನ್ನೊಂದು ಸಲ ಕೇಳಲಿಲ್ಲ. ಆ ಕೆಲಸ ಸಿಕ್ಕಿತು, ಈಗಲೂ ಅದರಲ್ಲೇ ಇದ್ದೇನೆ. ಮೇಷ್ಟ್ರು ಮತ್ತೆ ಜೇಡಿಮಣ್ಣು ತರಿಸಲಿಲ್ಲ.

ಹೋದ ವರ್ಷ ತೀರಿಕೊಂಡರು. ಮಣ್ಣು ಮಾಡುವಾಗ ನೋಡಿದೆ, ಉಗುರು ಸ್ವಚ್ಛವಾಗಿತ್ತು. ನನಗೆ ಅಳು ಬಂದದ್ದು ಆಗಲೇ. ಶಿವಗಣಾರಾಧನೆಯ ದಿನ ಊಟಕ್ಕೆ ಕೂತಿದ್ದಾಗ ಬಡಿಸುತ್ತ ಬಂದ ಅವರ ತಂಗಿ ನನ್ನ ಮುಂದೆ ನಿಂತರು.

"ನಮ್ಮಣ್ಣ ಇಲ್ದಿರೋದ ಐತೆ ಅಂತ ಬರ್ದ್‌ಬುಟ್ಟ ಅಂತಾರಲ್ಲಪ್ಪ, ಹೌದಾ?"

"ಇಲ್ಲಕ್ಕ. ಪ್ರೆಸ್ಸಿನೋರ ತಪ್ಪು" ಎಂದೆ.

ಆಕೆಯ ಮುಖ ಹಗುರವಾಯಿತು. ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದರು. ತಿಂದೆ.